ಮಾಹಿತಿ ವ್ಯವಸ್ಥೆ ಮತ್ತು ವ್ಯವಸ್ಥಾ ವಿಶ್ಲೇಷಕರ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಬಿ.ಸಿ.ಎ. ಮತ್ತು ಬಿ.ಕಾಂ. ವಿದ್ಯಾರ್ಥಿಗಳು ಕೇಳಿದವು, ಕೆಲವು, ತಮ್ಮ ಕಚೇರಿಗೆ ಹೊಸ ಸಾಫ್ಟ್‌ವೇರ್ ಬರಲಿದೆ ಎಂಬ ಸುದ್ದಿ ತಿಳಿದ ನೌಕರರು ಕೇಳಿದವು. ಉದಾಹರಣೆಗಳನ್ನು ಆದಷ್ಟೂ ಒಂದೇ ಕಡೆಯಿಂದ, ಅಂದರೆ ಕರ್ನಾಟಕದ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯಿಂದ, ತೆಗೆದುಕೊಂಡಿದ್ದೇನೆ. ಪಠ್ಯಪುಸ್ತಕಗಳಲ್ಲಿ ಬರುವ ಯಾವುದೋ ಕಾಲ್ಪನಿಕ ಕಾರ್ಖಾನೆಗಿಂತ ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ, ನಮಗೆ ಹತ್ತಿರದ್ದು.

ಮಾಹಿತಿ ವ್ಯವಸ್ಥೆ ಎಂದರೆ ಕಂಪ್ಯೂಟರ್ ವ್ಯವಸ್ಥೆಯೇ?

ಅಲ್ಲ. ಒಂದು ಕೆಲಸಕ್ಕೆ ಬೇಕಾದ ವಿವರಗಳನ್ನು ಕಲೆಹಾಕಿ, ಕಾಪಾಡಿ, ಕಾಲಕಾಲಕ್ಕೆ ತಿದ್ದಿ, ಬೇಕಾದವರಿಗೆ ಬೇಕಾದ ಹೊತ್ತಿಗೆ ತಲುಪಿಸುವುದಕ್ಕಾಗಿ ಜನರು, ನಿಯಮಗಳು, ಕಾಗದಪತ್ರಗಳು ಮತ್ತು ಉಪಕರಣಗಳು ಸೇರಿ ನಡೆಯುವ ಏರ್ಪಾಡಿಗೆ ಮಾಹಿತಿ ವ್ಯವಸ್ಥೆ ಎಂದು ಹೆಸರು. ಕಂಪ್ಯೂಟರ್ ಆ ಉಪಕರಣಗಳಲ್ಲಿ ಒಂದು ಮಾತ್ರ. ಭೂಮಿ ಯೋಜನೆ ಬರುವ ಮೊದಲು ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು, ತಲಾ ಮೂರು ನಾಲ್ಕು ಹಳ್ಳಿಗಳಂತೆ, ಜಮೀನಿನ ದಾಖಲೆಗಳನ್ನು ಕೈಬರಹದ ಪುಸ್ತಕಗಳಲ್ಲಿ ನಿರ್ವಹಿಸುತ್ತಿದ್ದರು. ವಿದ್ಯುತ್ ಸಂಪರ್ಕವೂ ಬೇಕಿಲ್ಲದ ಆ ಏರ್ಪಾಡು ಎಲ್ಲ ಅರ್ಥದಲ್ಲಿಯೂ ಒಂದು ಮಾಹಿತಿ ವ್ಯವಸ್ಥೆಯೇ ಆಗಿತ್ತು. ಅದರಲ್ಲಿ ದೋಷಗಳಿದ್ದವು, ನಿಜ; ದಾಖಲೆ ಯಾರ ಕೈಯಲ್ಲಿದೆಯೋ ಅವರನ್ನು ಕಾಡಿ ಬೇಡಿ ಪಹಣಿ ಪಡೆಯಬೇಕಿತ್ತು. ಆದರೆ ‘ವ್ಯವಸ್ಥೆ ಇರಲಿಲ್ಲ, ಕಂಪ್ಯೂಟರ್ ಬಂದ ಮೇಲೆ ಬಂತು’ ಎನ್ನುವುದು ತಪ್ಪು. ಹಾಗೆ ಭಾವಿಸಿದವರು ಹಳೆಯ ವ್ಯವಸ್ಥೆಯನ್ನು ಅಭ್ಯಾಸ ಮಾಡುವ ಗೋಜಿಗೇ ಹೋಗುವುದಿಲ್ಲ, ಹೊಸದನ್ನು ಅಂದಾಜಿನ ಮೇಲೆ ಕಟ್ಟುತ್ತಾರೆ.

ದತ್ತಾಂಶಕ್ಕೂ ಮಾಹಿತಿಗೂ ಏನು ವ್ಯತ್ಯಾಸ?

ದಾಖಲಾದ ಬಿಡಿ ವಿವರ ದತ್ತಾಂಶ. ಒಬ್ಬರ ನಿರ್ಧಾರಕ್ಕೆ ನೆರವಾಗುವಂತೆ ಅದು ಒದಗಿದಾಗ ಮಾಹಿತಿ. ಪಹಣಿಯ 9ನೇ ಕಲಂನಲ್ಲಿ ಸ್ವಾಧೀನದಾರರ ಹೆಸರು, 11ನೇ ಕಲಂನಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು, 12ನೇ ಕಲಂನಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತದೆ. ಜಮೀನು ಕೊಳ್ಳಲು ಬಂದವರ ಕಣ್ಣು ಮೊದಲು ಹೋಗುವುದು 11ಕ್ಕೆ, ಏಕೆಂದರೆ ಬ್ಯಾಂಕಿನ ಸಾಲ ತೀರಿದೆಯೇ ಎಂಬುದು ಅವರಿಗೆ ಮುಖ್ಯ. ಬೆಳೆ ಪರಿಹಾರ ಲೆಕ್ಕ ಹಾಕುವ ಅಧಿಕಾರಿಗೆ 12 ಮುಖ್ಯ. ಹಾಳೆ ಒಂದೇ, ದತ್ತಾಂಶ ಒಂದೇ, ಓದುವವರು ಬದಲಾದಂತೆ ಮಾಹಿತಿ ಬೇರೆ. ಆದ್ದರಿಂದ ‘ಯಾವ ಮಾಹಿತಿ ಬೇಕು?’ ಎಂದು ಕೇಳುವುದಕ್ಕಿಂತ ‘ಯಾರಿಗೆ, ಯಾವ ತೀರ್ಮಾನಕ್ಕಾಗಿ ಬೇಕು?’ ಎಂದು ಕೇಳುವುದು ಸರಿಯಾದ ಕ್ರಮ.

ವ್ಯವಸ್ಥೆಯ ಅಂಗಗಳು ಯಾವುವು? ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ, ಅರ್ಥವಾಗಿಲ್ಲ.

ಇನ್‌ಪುಟ್, ಸಂಸ್ಕರಣೆ, ಔಟ್‌ಪುಟ್, ಹಿಮ್ಮಾಹಿತಿ, ಗಡಿ, ಪರಿಸರ ಎಂದು ಆರು ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಮ್ಯುಟೇಷನ್ (ಜಮೀನಿನ ಹಕ್ಕು ಬದಲಾವಣೆ) ಅರ್ಜಿಯ ಹಿಂದೆ ಹೋಗಿ ನೋಡಿ. ಒಬ್ಬರು ಎರಡು ಎಕರೆ ಮಾರುತ್ತಾರೆ. ಉಪ ನೋಂದಣಾಧಿಕಾರಿಯ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗುತ್ತದೆ. ಅಲ್ಲಿಂದ ‘ಜೆ ಸ್ಲಿಪ್’ ಎಂದು ಕರೆಯುವ ಸೂಚನೆ ತಾಲ್ಲೂಕು ಕಚೇರಿಗೆ ಬರುತ್ತದೆ: ಇದು ಇನ್‌ಪುಟ್. ಸಂಬಂಧಪಟ್ಟವರಿಗೆ ನೋಟಿಸು ಹೋಗಿ, ನಿಗದಿತ ಅವಧಿಯಲ್ಲಿ ತಕರಾರು ಬಾರದಿದ್ದರೆ ಮಂಜೂರಾಗುತ್ತದೆ: ಇದು ಸಂಸ್ಕರಣೆ. ಕೊಂಡವರ ಹೆಸರು 9ನೇ ಕಲಂಗೆ ಬಂದ ಹೊಸ ಪಹಣಿ ಔಟ್‌ಪುಟ್. ಯಾರಾದರೂ ತಕರಾರು ಸಲ್ಲಿಸಿದರೆ ಕಡತ ಬೇರೆ ದಾರಿ ಹಿಡಿಯುತ್ತದೆ. ವ್ಯವಸ್ಥೆ ತನ್ನ ಕೆಲಸವನ್ನು ತಾನೇ ತಡೆದು ನೋಡಿಕೊಳ್ಳುವ ಈ ಗುಣಕ್ಕೆ ಹಿಮ್ಮಾಹಿತಿ ಎನ್ನಬಹುದು.

ಇನ್ನು ಗಡಿಯ ಮಾತು. ನೋಂದಣಿ ಕಚೇರಿ ಈ ವ್ಯವಸ್ಥೆಯ ಒಳಗಿದೆಯೋ, ಹೊರಗಿದೆಯೋ? ಭೂಮಿ ಯೋಜನೆಯ ಆರಂಭದಲ್ಲಿ ಅದು ಹೊರಗಿತ್ತು, ಅಂದರೆ ಪರಿಸರದ ಭಾಗವಾಗಿತ್ತು; ಅದಕ್ಕೆ ಬೇರೆ ಇಲಾಖೆ, ಬೇರೆ ತಂತ್ರಾಂಶ. ಗಡಿ ಎಲ್ಲಿ ಎಳೆಯುತ್ತೀರಿ ಎಂಬುದು ಪ್ರಕೃತಿಯಲ್ಲಿ ಮೊದಲೇ ಬರೆದಿಟ್ಟದ್ದಲ್ಲ, ಅದು ಒಂದು ತೀರ್ಮಾನ. ಹೆಚ್ಚಿನ ಸಲ ಅದು ತಾಂತ್ರಿಕ ತೀರ್ಮಾನವೂ ಅಲ್ಲ, ಯಾವ ಇಲಾಖೆಯ ಮೇಲೆ ಯಾರ ಮಾತು ನಡೆಯುತ್ತದೆ ಎಂಬುದರ ತೀರ್ಮಾನ.

ಮಾಹಿತಿ ವ್ಯವಸ್ಥೆಗಳಲ್ಲಿ ಎಷ್ಟು ಬಗೆ?

ಸಾಮಾನ್ಯವಾಗಿ ಮೂರನ್ನು ಹೇಳುತ್ತಾರೆ. ದಿನನಿತ್ಯದ ವಹಿವಾಟನ್ನು ದಾಖಲಿಸುವುದು ವಹಿವಾಟು ಸಂಸ್ಕರಣಾ ವ್ಯವಸ್ಥೆ. ಆ ದಾಖಲೆಗಳಿಂದ ವರದಿಗಳನ್ನು ತೆಗೆದುಕೊಡುವುದು ನಿರ್ವಹಣಾ ಮಾಹಿತಿ ವ್ಯವಸ್ಥೆ. ‘ಹೀಗೆ ಮಾಡಿದರೆ ಏನಾದೀತು?’ ಎಂಬ ಪ್ರಶ್ನೆಗೆ ಲೆಕ್ಕಾಚಾರದ ನೆರವು ಕೊಡುವುದು ನಿರ್ಧಾರ ಬೆಂಬಲ ವ್ಯವಸ್ಥೆ. ಪಹಣಿ ವಿತರಣೆ ಮೊದಲನೆಯದು. ಯಾವ ತಾಲ್ಲೂಕಿನಲ್ಲಿ ಎಷ್ಟು ಮ್ಯುಟೇಷನ್ ಅವಧಿ ಮೀರಿ ಬಾಕಿಯಿದೆ ಎಂದು ಜಿಲ್ಲಾಧಿಕಾರಿಗೆ ತೋರಿಸುವ ಪಟ್ಟಿ ಎರಡನೆಯದು. ಈಗಿನ ತಂತ್ರಾಂಶಗಳಲ್ಲಿ ಮೂರೂ ಬೆರೆತಿರುವುದರಿಂದ ಈ ವಿಂಗಡಣೆಗೆ ಅತಿಯಾದ ಮಹತ್ವ ಕೊಡಬೇಕಿಲ್ಲ.

ವ್ಯವಸ್ಥಾ ವಿಶ್ಲೇಷಕ ಎಂಬ ಹುದ್ದೆ ಹುಟ್ಟಿದ್ದು ಹೇಗೆ?

ಚಹಾದಂಗಡಿಯಲ್ಲಿ ಎಂದರೆ ನಗಬೇಡಿ. ಲಂಡನ್ನಿನ ಜೆ. ಲಯನ್ಸ್ ಎಂಬ ಕಂಪನಿ ಚಹಾದಂಗಡಿಗಳ ಸಾಲನ್ನೂ ಬೇಕರಿಗಳನ್ನೂ ನಡೆಸುತ್ತಿತ್ತು. ಕಂಪ್ಯೂಟರ್‌ಗಳ ಹೆಸರೇ ಜನರಿಗೆ ತಿಳಿಯದ ಕಾಲದಲ್ಲಿಯೇ ಆ ಕಂಪನಿಯಲ್ಲಿ, ಕಚೇರಿಯ ಕೆಲಸಗಳು ಹೇಗೆ ನಡೆಯುತ್ತಿವೆ, ಹೇಗೆ ನಡೆದರೆ ಮೇಲು ಎಂದು ಅಭ್ಯಾಸ ಮಾಡುವುದಕ್ಕೆಂದೇ ಒಂದು ವಿಭಾಗವಿತ್ತು. ಮುಂದೆ ಕಂಪನಿ ‘ಲಿಯೊ’ ಎಂಬ ತನ್ನದೇ ಕಂಪ್ಯೂಟರನ್ನು ಕಟ್ಟಿಸಿ, 1951ರಲ್ಲಿ ಬೇಕರಿ ಉತ್ಪನ್ನಗಳ ಲೆಕ್ಕವನ್ನು ಅದರ ಮೇಲೆ ನಡೆಸಿತು. ಡೇವಿಡ್ ಕ್ಯಾಮಿನರ್ ಮತ್ತು ಅವರ ಸಹೋದ್ಯೋಗಿಗಳು ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು ಅದನ್ನು ಬಿಡಿಬಿಡಿಯಾಗಿ ನೋಡುವ ಪದ್ಧತಿ ರೂಪಿಸಿದರು.

ಅವರ ಕೆಲಸದ ಒಂದು ಮಾದರಿ ನೋಡಿ. ಪ್ರತಿ ಅಂಗಡಿಯೂ ನಾಳೆಗೆ ಬೇಕಾದ ತಿಂಡಿಗಳ ಪೂರ್ಣ ಪಟ್ಟಿಯನ್ನು ದಿನಾ ಬರೆದು ಕಳಿಸುವ ಬದಲು, ವಾರದ ಪ್ರತಿ ದಿನಕ್ಕೂ ಒಂದು ಮಾಮೂಲಿ ಪಟ್ಟಿಯನ್ನು ಮೊದಲೇ ಇಟ್ಟುಕೊಂಡು, ಮೇಲ್ವಿಚಾರಕಿಯರು ದೂರವಾಣಿಯಲ್ಲಿ ಬದಲಾವಣೆಗಳನ್ನಷ್ಟೇ ಹೇಳುವ ಏರ್ಪಾಡು ಮಾಡಿದರು. ನಮ್ಮ ಮನೆಗಳಲ್ಲಿ ಹಾಲಿನವರಿಗೆ ‘ನಾಳೆ ಅರ್ಧ ಲೀಟರ್ ಜಾಸ್ತಿ’ ಎನ್ನುತ್ತೇವಲ್ಲ, ಅದೇ ಉಪಾಯ. ಯಂತ್ರಕ್ಕೆ ಊಡಿಸಬೇಕಾದ ದತ್ತಾಂಶ ಒಮ್ಮೆಲೇ ಇಳಿಯಿತು. ಈ ಹೊಳಹು ಬಂದದ್ದು ಯಂತ್ರದ ಜ್ಞಾನದಿಂದಲ್ಲ, ಅಂಗಡಿಯ ಜ್ಞಾನದಿಂದ.

ಪ್ರೋಗ್ರಾಮರ್‌ಗೂ ವಿಶ್ಲೇಷಕರಿಗೂ ಏನು ವ್ಯತ್ಯಾಸ?

ಏನು ಮಾಡಬೇಕು, ಏಕೆ ಮಾಡಬೇಕು, ಯಾವುದನ್ನು ಮಾಡಬಾರದು ಎಂದು ತೀರ್ಮಾನವಾಗುವಂತೆ ನೋಡಿಕೊಳ್ಳುವುದು ವಿಶ್ಲೇಷಕರ ಕೆಲಸ. ತೀರ್ಮಾನವಾದದ್ದನ್ನು ಯಂತ್ರ ಮಾಡುವಂತೆ ಬರೆಯುವುದು ಪ್ರೋಗ್ರಾಮರ್ ಕೆಲಸ. ಸಣ್ಣ ಸಂಸ್ಥೆಗಳಲ್ಲಿ ಎರಡನ್ನೂ ಒಬ್ಬರೇ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಅಪಾಯವಿರುವುದು ಒಂದೇ ಕಡೆ: ಪ್ರೋಗ್ರಾಂ ಬರೆಯಲು ಸುಲಭವಾದದ್ದನ್ನು ಬಳಕೆದಾರರ ಬೇಡಿಕೆ ಎಂದು ನಂಬಿಕೊಳ್ಳುವ ಚಪಲ ಆಗ ಹೆಚ್ಚುತ್ತದೆ. ಈಚೆಗೆ ಬಹಳ ಕಂಪನಿಗಳಲ್ಲಿ ‘ಬಿಸಿನೆಸ್ ಅನಾಲಿಸ್ಟ್’ ಎಂಬ ಹೆಸರು ಚಾಲ್ತಿಯಲ್ಲಿದೆ. ಆ ಹುದ್ದೆಯವರು ವ್ಯವಹಾರದ ಕಡೆಗೆ, ಸಿಸ್ಟಮ್ಸ್ ಅನಾಲಿಸ್ಟ್‌ಗಳು ತಂತ್ರಾಂಶದ ಕಡೆಗೆ ತುಸು ವಾಲಿರುತ್ತಾರೆ ಎಂಬುದನ್ನು ಬಿಟ್ಟರೆ ಬೇರು ಒಂದೇ.

ಬಳಕೆದಾರರನ್ನು ಕೇಳಿದರೆ ಅಗತ್ಯಗಳು ತಿಳಿಯುವುದಿಲ್ಲವೇ? ಅದಕ್ಕೆ ಬೇರೆ ಹುದ್ದೆ ಏಕೆ?

ಕೇಳಿದರೆ ಅರ್ಧ ತಿಳಿಯುತ್ತದೆ. ಉಳಿದರ್ಧವನ್ನು ಯಾರೂ ಸುಳ್ಳು ಹೇಳಬೇಕೆಂದು ಮುಚ್ಚಿಡುವುದಿಲ್ಲ. ಇಪ್ಪತ್ತು ವರ್ಷದಿಂದ ಮಾಡುತ್ತಾ ಬಂದದ್ದು ಹೇಳಬೇಕಾದ ಸಂಗತಿ ಎಂದು ಅವರಿಗೇ ಅನ್ನಿಸಿರುವುದಿಲ್ಲ.

ನಾನು ಕಲಿತದ್ದು ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ. ಹಾಲಿನ ಲೆಕ್ಕಕ್ಕೆ ಸಣ್ಣದೊಂದು ತಂತ್ರಾಂಶ ಮಾಡಿಕೊಡಲು ಹೋಗಿದ್ದೆ. ಕಾರ್ಯದರ್ಶಿ ಅರ್ಧ ಗಂಟೆಯಲ್ಲಿ ಎಲ್ಲ ವಿವರಿಸಿದರು: ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ಎಸ್.ಎನ್.ಎಫ್. (ಕೊಬ್ಬಲ್ಲದ ಘನಾಂಶ), ದರ, ಬಟವಾಡೆ. ಇದರಲ್ಲೇನಿದೆ ಎಂದುಕೊಂಡು ಆ ರಾತ್ರಿಯೇ ಕೋಷ್ಟಕಗಳನ್ನು ಬರೆದಿಟ್ಟೆ. ಮರುದಿನ ಬೆಳಿಗ್ಗೆ ಆರಕ್ಕೆ ಹೋಗಿ ಹಾಲು ಅಳೆಯುವಲ್ಲಿ ಸುಮ್ಮನೆ ನಿಂತೆ. ಅಳೆಯುತ್ತಿದ್ದ ಹುಡುಗ ದೊಡ್ಡ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದ ಮೇಲೆ, ಆಗೊಮ್ಮೆ ಈಗೊಮ್ಮೆ, ಅಂಗಿಯ ಜೇಬಿನಿಂದ ಒಂದು ಪುಟ್ಟ ನೋಟುಬುಕ್ಕು ತೆಗೆದು ಪೆನ್ಸಿಲಿನಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದ. ಅದೇನಪ್ಪಾ ಎಂದು ಕೇಳಿದೆ. ‘ಇದು ನಮ್ದೇ ಲೆಕ್ಕ ಸಾರ್’ ಎಂದ. ಬೇರೆಯಾದ ಇಬ್ಬರು ಅಣ್ಣತಮ್ಮಂದಿರು ತಂದೆಯ ಹಳೆಯ ಸದಸ್ಯ ಸಂಖ್ಯೆಯಲ್ಲಿಯೇ ಹಾಲು ಹಾಕುತ್ತಿದ್ದರು, ಬಟವಾಡೆಯ ದಿನ ಹಣ ಎರಡಾಗಬೇಕಿತ್ತು. ಸಾಲವಾಗಿ ಒಯ್ದ ಪಶು ಆಹಾರದ ಮೂಟೆಗಳ ಹಣ ಕಂತಿನಲ್ಲಿ ಕಡಿತವಾಗಬೇಕಿತ್ತು, ಅದೂ ಆ ವಾರ ಮನೆಯಲ್ಲಿ ಮದುವೆಯಿದ್ದರೆ ಕಡಿತವಿಲ್ಲ. ಇದೆಲ್ಲ ಇದ್ದದ್ದು ಆ ಪೆನ್ಸಿಲಿನ ಪುಸ್ತಕದಲ್ಲಿ. ಒಂದು ಸಂಖ್ಯೆಗೆ ಒಬ್ಬರೇ ಸದಸ್ಯರು, ಒಬ್ಬ ಸದಸ್ಯರಿಗೆ ಒಂದೇ ಪಾವತಿ ಎಂದು ನಾನು ಬರೆದಿಟ್ಟಿದ್ದ ಕೋಷ್ಟಕ ಮೊದಲ ಬಟವಾಡೆಯ ದಿನವೇ ಜಗಳ ಹಚ್ಚುತ್ತಿತ್ತು.

ಆದ್ದರಿಂದ ಸಂದರ್ಶನ, ಪ್ರಶ್ನಾವಳಿ, ದಾಖಲೆಗಳ ಪರಿಶೀಲನೆ, ಪ್ರತ್ಯಕ್ಷ ವೀಕ್ಷಣೆ ಎಂದು ಪುಸ್ತಕಗಳು ಸಮಾನವಾಗಿ ಪಟ್ಟಿ ಮಾಡುವ ನಾಲ್ಕು ವಿಧಾನಗಳು ನನ್ನ ಮಟ್ಟಿಗೆ ಸಮಾನವಲ್ಲ. ಪ್ರಶ್ನಾವಳಿ ಎಲ್ಲಕ್ಕಿಂತ ದುರ್ಬಲ, ಪ್ರತ್ಯಕ್ಷ ವೀಕ್ಷಣೆ ಎಲ್ಲಕ್ಕಿಂತ ಗಟ್ಟಿ. ಅಧಿಕೃತ ರಿಜಿಸ್ಟರಿನ ಪಕ್ಕದಲ್ಲಿ ಇನ್ನೊಂದು ಪುಸ್ತಕ ಕಂಡರೆ ಮೊದಲು ಅದನ್ನು ಓದಿಸಿಕೊಳ್ಳಿ. ಅಧಿಕೃತ ವ್ಯವಸ್ಥೆಗೆ ನಿಲುಕದ್ದೆಲ್ಲ ಅದರಲ್ಲಿರುತ್ತದೆ.

ದತ್ತಾಂಶ ಹರಿವಿನ ನಕ್ಷೆ, ಘಟಕ-ಸಂಬಂಧ ನಕ್ಷೆ ಇವೆಲ್ಲ ಪರೀಕ್ಷೆಗಷ್ಟೇ ಇರುವವೇ?

ಅಲ್ಲ. ಹರಿವಿನ ನಕ್ಷೆಯಲ್ಲಿ ವಿವರ ಎಲ್ಲಿಂದ ಬಂತು, ಯಾರ ಕೈಯಲ್ಲಿ ಏನಾಯಿತು, ಎಲ್ಲಿ ಕೂಡಿಟ್ಟರು, ಎಲ್ಲಿಗೆ ಹೋಯಿತು ಎಂಬುದನ್ನು ಬಾಣಗಳಲ್ಲಿ ತೋರಿಸುತ್ತೇವೆ. ಇದರ ದೊಡ್ಡ ಉಪಯೋಗವೆಂದರೆ ಬಳಕೆದಾರರ ಮುಂದೆ ಹಿಡಿದು ‘ಹೀಗೆಯೇ ತಾನೇ?’ ಎಂದು ಕೇಳಬಹುದು. ಐವತ್ತು ಪುಟದ ವರದಿಯನ್ನು ಓದದ ಶಿರಸ್ತೇದಾರರು ಒಂದು ಹಾಳೆಯ ಚಿತ್ರದಲ್ಲಿ ತಪ್ಪು ಬಾಣವನ್ನು ಕ್ಷಣದಲ್ಲಿ ಹಿಡಿಯುತ್ತಾರೆ. ಘಟಕ-ಸಂಬಂಧ ನಕ್ಷೆಯನ್ನು ಪೀಟರ್ ಚೆನ್ 1976ರಲ್ಲಿ ಮುಂದಿಟ್ಟರು. ಯಾವ ವಸ್ತುಗಳ ಬಗ್ಗೆ ದಾಖಲೆ ಇಡುತ್ತೇವೆ, ಅವುಗಳ ನಡುವಿನ ನಂಟೇನು ಎಂದು ಅದು ಹೇಳುತ್ತದೆ. ಒಂದು ಜಮೀನಿಗೆ ಹಲವು ಸ್ವಾಧೀನದಾರರು, ಒಬ್ಬ ಸ್ವಾಧೀನದಾರರಿಗೆ ಹಲವು ಜಮೀನು: ಜಂಟಿ ಖಾತೆಗಳ ನಾಡಿನಲ್ಲಿ ಇದನ್ನು ಮರೆತು ವಿನ್ಯಾಸ ಮಾಡಿದವರು ಉಳಿಯುವುದಿಲ್ಲ.

ಪ್ರತಿ ವಿವರದ ಅರ್ಥ ಮತ್ತು ಅಳತೆಯನ್ನು ಬರೆದಿಡುವ ದತ್ತಾಂಶ ಕೋಶವೂ ಇದರ ಜೊತೆಗೆ ಬೇಕು, ಮತ್ತು ವಿದ್ಯಾರ್ಥಿಗಳು ಕಡೆಗಣಿಸುವುದು ಇದನ್ನೇ. ಪಹಣಿಯಲ್ಲಿ ವಿಸ್ತೀರ್ಣ 1.25 ಎಂದಿದ್ದರೆ ಅದು ಒಂದೂಕಾಲು ಎಕರೆಯಲ್ಲ, ಒಂದು ಎಕರೆ ಇಪ್ಪತ್ತೈದು ಗುಂಟೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಅಂಥ ಎರಡು ಹಿಸ್ಸೆಗಳನ್ನು ಯಂತ್ರ ದಶಮಾಂಶವೆಂದು ಕೂಡಿದರೆ 2.50 ಬರುತ್ತದೆ, ನಿಜವಾದ ಉತ್ತರ ಮೂರು ಎಕರೆ ಹತ್ತು ಗುಂಟೆ. ಇದು ಹಳ್ಳಿಯಲ್ಲಿ ಬೆಳೆದ ಯಾವ ಹುಡುಗನಿಗೂ ಗೊತ್ತಿರುವ ಲೆಕ್ಕ, ಆದರೆ ಬರೆದುಕೊಡದಿದ್ದರೆ ಎಲ್ಲೋ ಕುಳಿತ ಪ್ರೋಗ್ರಾಮರ್‌ಗೆ ತಿಳಿಯುವ ಬಗೆಯಿಲ್ಲ. ಹಾಗೆಯೇ, ಜಮೀನನ್ನು ಗುರುತಿಸುವ ಕೀಲಿ ಬರಿಯ ಸರ್ವೆ ನಂಬರ್ ಅಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್ (ಸರ್ವೆ ನಂಬರಿನ ಜೊತೆಗೆ ಬರುವ ಉಪಗುರುತು), ಹಿಸ್ಸಾ ಎಲ್ಲ ಸೇರಿದರೆ ಒಂದು ಕೀಲಿ. ಹೆಸರಂತೂ ಕೀಲಿಯಾಗುವುದು ಸಾಧ್ಯವೇ ಇಲ್ಲ. ಒಂದೇ ಊರಿನಲ್ಲಿ ‘ಕೃಷ್ಣಪ್ಪ ಬಿನ್ ಮುನಿಯಪ್ಪ’ ಎಂಬುವರು ಮೂವರಿರಬಹುದು. ಒಬ್ಬರೇ ಕೃಷ್ಣಪ್ಪ ಮೂರು ಪಹಣಿಗಳಲ್ಲಿ ಮೂರು ಕಾಗುಣಿತದಲ್ಲಿ ಇರಬಹುದು.

ಕಾರ್ಯಸಾಧ್ಯತಾ ಅಧ್ಯಯನ ಎಂದರೇನು?

ತಂತ್ರಜ್ಞಾನ ಒದಗುತ್ತದೆಯೇ, ಖರ್ಚಿಗೆ ತಕ್ಕ ಪ್ರಯೋಜನವಿದೆಯೇ, ಕಾನೂನು ಒಪ್ಪುತ್ತದೆಯೇ, ಜನ ಬಳಸುತ್ತಾರೆಯೇ ಎಂದು ಹಣ ಹಾಕುವ ಮೊದಲು ನೋಡುವುದು. ‘ಬೇಡ’ ಎಂದು ಬರೆಯುವ ಧೈರ್ಯವಿಲ್ಲದೆ ಮಾಡಿದ ಅಧ್ಯಯನ ಕಾಗದ ದಂಡ.

ಅಭಿವೃದ್ಧಿಯ ಹಂತಗಳು ಜಲಪಾತದಂತೆ ಒಂದರ ನಂತರ ಒಂದು ನಡೆಯಬೇಕೇ?

ಅಗತ್ಯಗಳ ಸಂಗ್ರಹ, ವಿಶ್ಲೇಷಣೆ, ವಿನ್ಯಾಸ, ಬರವಣಿಗೆ, ಪರೀಕ್ಷೆ, ಅಳವಡಿಕೆ, ನಿರ್ವಹಣೆ ಎಂಬ ಹಂತಗಳು ಇರುವುದು ನಿಜ, ಆದರೆ ಒಮ್ಮೆ ದಾಟಿದ ಹಂತಕ್ಕೆ ಮರಳಬಾರದು ಎಂಬ ನಿಯಮ ಯಾರೂ ಮಾಡಿದ್ದಲ್ಲ. ತಮಾಷೆಯೆಂದರೆ, ಈ ಮಾದರಿಯ ಮೂಲವೆಂದು ಎಲ್ಲರೂ ತೋರಿಸುವ 1970ರ ಪ್ರಬಂಧದಲ್ಲಿ ವಿನ್‌ಸ್ಟನ್ ರಾಯ್ಸ್ ಆ ಚಿತ್ರವನ್ನು ಬರೆದು, ಅದನ್ನು ಹಾಗೆಯೇ ಪಾಲಿಸಿದರೆ ಅಪಾಯ, ಹೊಸ ಬಗೆಯ ಕೆಲಸವಾದರೆ ಒಮ್ಮೆ ಮಾಡಿ ನೋಡಿ ಎರಡನೆಯ ಸಲ ಸರಿಯಾಗಿ ಮಾಡಿ ಎಂಬರ್ಥದ ಮಾತುಗಳನ್ನೇ ಹೇಳಿದ್ದರು. ಚಿತ್ರ ಉಳಿಯಿತು, ಎಚ್ಚರಿಕೆ ಹೋಯಿತು. ಇಂದು ಬಳಕೆಯಲ್ಲಿರುವ ಅಜೈಲ್ ಪದ್ಧತಿಯಲ್ಲಿ ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಕಟ್ಟಿ ತೋರಿಸುತ್ತಾರೆ. ಆಗಲೂ ವಿಶ್ಲೇಷಣೆ ತಪ್ಪುವುದಿಲ್ಲ, ತುಂಡು ತುಂಡಾಗಿ ನಡೆಯುತ್ತದೆ, ಅಷ್ಟೇ.

ಹಳೆಯ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು ಗುಮಾಸ್ತರ ಕೆಲಸವಲ್ಲವೇ?

ಟೈಪ್ ಮಾಡುವುದು ಆಗಿರಬಹುದು; ಅದನ್ನು ಯೋಜಿಸುವುದು ವಿಶ್ಲೇಷಕರ ಅತ್ಯಂತ ಕಷ್ಟದ ಕೆಲಸ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಬೇಕಾಯಿತು. ಏರಿಸಿದ್ದನ್ನು ಮುದ್ರಿಸಿ, ಮೂಲ ಬರೆದ ಗ್ರಾಮ ಲೆಕ್ಕಿಗರಿಂದಲೇ ತಾಳೆ ನೋಡಿಸಿ ತಿದ್ದಿಸಲಾಯಿತು. ಹೀಗಿದ್ದೂ ಕೈಬರಹದಲ್ಲಿದ್ದ ತಪ್ಪು ಗಣಕದಲ್ಲಿ ಅಚ್ಚುಕಟ್ಟಾದ ತಪ್ಪಾಗಿ ಉಳಿದದ್ದುಂಟು. ಬೇವು ಬಿತ್ತಿ ಮಾವು ಬಯಸಲಾಗದು. ಕೈಬರಹದ ಸಾಲಿನ ಮೇಲೆ ಸಂಶಯಪಡುತ್ತಿದ್ದ ಜನ ಮುದ್ರಿತ ಸಾಲನ್ನು ನಂಬುವುದರಿಂದ ಅಂಥ ತಪ್ಪು ಮೊದಲಿಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಹಳೆಯದನ್ನು ನಿಲ್ಲಿಸುವುದು ಯಾವಾಗ ಎಂಬುದು ಇನ್ನೊಂದು ಪ್ರಶ್ನೆ. ಎರಡೂ ಕೆಲಕಾಲ ಜೊತೆಯಲ್ಲಿ ನಡೆಯಲಿ ಎಂಬುದು ಸುರಕ್ಷಿತವೆನಿಸುವ ಸಲಹೆ. ಆದರೆ ಕೈಬರಹದ ಪಹಣಿಯೂ ಗಣಕದ ಪಹಣಿಯೂ ಏಕಕಾಲಕ್ಕೆ ಊರ್ಜಿತವಾಗಿದ್ದರೆ ಎರಡು ಸತ್ಯಗಳು ಹುಟ್ಟಿಕೊಳ್ಳುತ್ತವೆ. ತಾಲ್ಲೂಕಿನಲ್ಲಿ ಹೊಸದು ಸಿದ್ಧವಾದೊಡನೆ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲ ಎಂದು ಸರ್ಕಾರ ಆದೇಶಿಸಿತು. ಭೂಮಿ ಯೋಜನೆ ಉಳಿದದ್ದು ತಂತ್ರಾಂಶದ ಗುಣದಿಂದ ಎಷ್ಟೋ, ಈ ಒಂದು ಆದೇಶದಿಂದಲೂ ಅಷ್ಟೇ ಎಂಬುದು ನನ್ನ ಅಭಿಪ್ರಾಯ.

ಹೊಸ ವ್ಯವಸ್ಥೆ ಬಂದಾಗ ನೌಕರರು ವಿರೋಧಿಸುವುದೇಕೆ?

ಎಲ್ಲ ವಿರೋಧವೂ ಹಳೆಯ ಅಭ್ಯಾಸದ ಮೊಂಡುತನವಲ್ಲ. ಮಾಹಿತಿ ಯಾರ ಕೈಯಲ್ಲಿದೆಯೋ ಅಧಿಕಾರವೂ ಅವರ ಕೈಯಲ್ಲಿರುತ್ತದೆ, ವ್ಯವಸ್ಥೆ ಬದಲಾದಾಗ ಅದು ಕೈ ಬದಲಿಸುತ್ತದೆ. ಮ್ಯುಟೇಷನ್ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇ ಮಾಡಬೇಕು, ಮಧ್ಯದ್ದನ್ನು ಮೇಲೆ ತರಲಾಗದು ಎಂಬ ನಿಯಮವನ್ನು ಭೂಮಿಯ ತಂತ್ರಾಂಶದೊಳಗೇ ಕೂರಿಸಲಾಯಿತು; ಯಾರು ಮಂಜೂರು ಮಾಡಿದರೆಂದು ತಿಳಿಯಲು ಬೆರಳಿನ ಗುರುತಿನ ಲಾಗಿನ್ ಇಟ್ಟರು. ‘ನಿಮ್ಮದನ್ನು ಮೊದಲು ಮಾಡಿಕೊಡುತ್ತೇನೆ’ ಎನ್ನುವ ಮಾತಿಗೆ ಜಾಗ ಕಿರಿದಾಯಿತು.

ಇದರ ಇನ್ನೊಂದು ಮಗ್ಗುಲನ್ನೂ ವಿಶ್ಲೇಷಕರು ನೋಡಬೇಕು. ಊರಿನಲ್ಲೇ ಸಿಗುತ್ತಿದ್ದ ದಾಖಲೆಗೆ ಆರಂಭದ ದಿನಗಳಲ್ಲಿ ರೈತರು ತಾಲ್ಲೂಕು ಕೇಂದ್ರಕ್ಕೆ ಬರಬೇಕಾಯಿತು. ಪಹಣಿಯ ಆಗಿನ ಶುಲ್ಕ 15 ರೂಪಾಯಿ ಎಂದು ಬರೆದರೆ ಲೆಕ್ಕ ಮುಗಿಯುವುದಿಲ್ಲ, ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿಯನ್ನೂ ಕೂಡಬೇಕು. ನಾಡಕಚೇರಿಗಳಿಗೂ ಅಂತರ್ಜಾಲಕ್ಕೂ ಸೇವೆ ವಿಸ್ತರಿಸಿದ್ದು ಈ ಕೊರತೆಗೆ ಬಂದ ತಿದ್ದುಪಡಿ.

ವ್ಯವಸ್ಥೆ ಚಾಲ್ತಿಗೆ ಬಂದ ಮೇಲೆ ವಿಶ್ಲೇಷಕರ ಕೆಲಸ ಮುಗಿಯಿತೇ?

ಇಲ್ಲ. ಮೊದಲು ಹೇಳಿದ ಗಡಿಯ ಮಾತನ್ನು ನೆನಪಿಸಿಕೊಳ್ಳಿ. ನೋಂದಣಿ ಕಚೇರಿಯವರು ಪಹಣಿ ನೋಡದೆ ಕ್ರಯಪತ್ರ ನೋಂದಾಯಿಸಿದರೆ, ಮಾರುವವರ ಹೆಸರಿನಲ್ಲಿ ಇಲ್ಲದ ಜಮೀನೂ ಮಾರಾಟವಾಗಬಹುದು. ಇದಕ್ಕಾಗಿ ನೋಂದಣಿಯ ‘ಕಾವೇರಿ’ ತಂತ್ರಾಂಶವನ್ನು ಭೂಮಿಯೊಡನೆ ಬೆಸೆದರು. ನೋಂದಣಿಯಾದೊಡನೆ ಮ್ಯುಟೇಷನ್ ತಾನಾಗಿ ಶುರುವಾಗುವ ದಾರಿ ತೆರೆಯಿತು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಮುಂಚೆಯೇ ಅಳತೆಯಾಗಿ, ಆ ಭಾಗವನ್ನು ಗುರುತಿಸಿದ 11ಇ ಎಂಬ ನಕ್ಷೆ ಇರಬೇಕೆಂಬ ನಿಯಮ ಬಂದಾಗ, ಭೂಮಾಪನ ಇಲಾಖೆಯ ‘ಮೋಜಿಣಿ’ಯೂ ಕೂಡಿಕೊಂಡಿತು. ಮೂರು ಇಲಾಖೆಗಳ ಗಡಿಗಳು ಒಂದಾದ ಮೇಲೆ, ಒಂದರಲ್ಲಿ ಸರ್ವರ್ ನಿಂತರೆ ಮೂರೂ ಕಡೆ ಸಾಲು ಬೆಳೆಯುತ್ತದೆ ಎಂಬುದೂ ವಿಶ್ಲೇಷಕರ ಲೆಕ್ಕಕ್ಕೆ ಬರಬೇಕಾದ ಸಂಗತಿ.

ಈ ಕೆಲಸಕ್ಕೆ ಬರಬೇಕಾದರೆ ಏನು ಓದಬೇಕು?

ದತ್ತಸಂಚಯ (ಡೇಟಾಬೇಸ್), ಅದರಿಂದ ವಿವರ ತೆಗೆಯುವ ಭಾಷೆಯಾದ ಎಸ್.ಕ್ಯು.ಎಲ್., ಸ್ವಲ್ಪ ಪ್ರೋಗ್ರಾಮಿಂಗ್, ಲೆಕ್ಕಶಾಸ್ತ್ರದ ಮೂಲಪಾಠಗಳು ಬೇಕೇ ಬೇಕು. ಬಿ.ಕಾಂ. ಓದಿದವರು ಹಿಂಜರಿಯಬೇಕಿಲ್ಲ, ಜಮಾ-ಖರ್ಚು ತಿಳಿದವರಿಗೆ ಅರ್ಧ ದಾರಿ ಸವೆದಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೇಳಿದ್ದನ್ನು ಸ್ಪಷ್ಟ ಕನ್ನಡದಲ್ಲಿ ಬರೆದು, ಹೇಳಿದವರಿಗೇ ಓದಿ ತೋರಿಸಿ, ಅವರು ತಿದ್ದಿದ್ದನ್ನು ಬೇಸರವಿಲ್ಲದೆ ಮತ್ತೆ ಬರೆಯುವ ಅಭ್ಯಾಸ ಬೇಕು. ನಮ್ಮ ಕಚೇರಿಗಳಲ್ಲಿ ಕೆಲಸ ಬಲ್ಲವರಲ್ಲಿ ಹೆಚ್ಚಿನವರು ಅದನ್ನು ಇಂಗ್ಲಿಷಿನಲ್ಲಿ ವಿವರಿಸುವವರಲ್ಲ.

ಅಭ್ಯಾಸಕ್ಕೆ ಒಂದು ಕೆಲಸ ಕೊಡುತ್ತೇನೆ. ನಿಮ್ಮೂರಿನ ನ್ಯಾಯಬೆಲೆ ಅಂಗಡಿಯಲ್ಲೋ, ಗ್ರಂಥಾಲಯದಲ್ಲೋ, ಕಾಲೇಜಿನ ಶುಲ್ಕ ಕಟ್ಟುವ ಕಿಟಕಿಯ ಬಳಿಯಲ್ಲೋ ಅನುಮತಿ ಕೇಳಿ ಒಂದು ಬೆಳಿಗ್ಗೆ ಪೂರ್ತಿ ನಿಲ್ಲಿ. ಯಾವ ಕಾಗದ ಯಾರಿಂದ ಯಾರಿಗೆ ಹೋಯಿತೆಂದು ಒಂದು ಹಾಳೆಯಲ್ಲಿ ಬಾಣಗಳನ್ನು ಬರೆಯಿರಿ. ನಿಯಮದ ಪ್ರಕಾರ ನಡೆಯದ, ಆದರೂ ಕೆಲಸ ಸಾಗಿದ ಮೂರು ಸಂದರ್ಭಗಳನ್ನು ಗುರುತು ಮಾಡಿಕೊಳ್ಳಿ. ಆಮೇಲೆ ಆ ಹಾಳೆಯನ್ನು ಕಿಟಕಿಯ ಒಳಗೆ ಕುಳಿತವರಿಗೆ ತೋರಿಸಿ, ಎಲ್ಲಿ ತಪ್ಪಿದೆ ಎಂದು ಕೇಳಿ.